ಎಲೆಗೆ ಮೊದಲು ಹಣ್ಣು ಬೀಳಲಿ

ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ಅಡಿಕೆ ಧಾರಣೆ ಕೇಳಿದ ಮೇಲೆ ಈಗ ಎತ್ತುವ ಎರಡನೆಯ ಮಾತು ಹೊಟ್ಟೆಯದು. ಕಾರ್ಕಳದಿಂದ ಕಾಪುವಿನವರೆಗೆ ಎಲ್ಲರ ಬಾಯಲ್ಲೂ ಒಂದೇ ಉಪಾಯ: ಊಟಕ್ಕೆ ಮೊದಲು ಹಣ್ಣು ತಿನ್ನಿ, ಮೈ ಇಳಿಯುತ್ತದೆ. ಇದನ್ನು ನಾವು ನಮ್ಮ ಮೈಮೇಲೆಯೇ ಪ್ರಯೋಗಿಸಿ ನೋಡಿರುವುದರಿಂದ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇವೆ.

ಮಣಿಪಾಲದ ವೈದ್ಯರೊಬ್ಬರು ನಮ್ಮ ಸಕ್ಕರೆ, ರಕ್ತದೊತ್ತಡದ ಚೀಟಿ ನೋಡಿ, ಐದು ಕಿಲೋ ಇಳಿಸಲೇಬೇಕು ಎಂದರು. ತೋಟ ಸುತ್ತಲೂ ಜೀಪು ಬಂದ ಮೇಲೆ ಇಂಥ ಚೀಟಿ ಬಹಳಷ್ಟು ಬೆಳೆಗಾರರ ಜೇಬಿನಲ್ಲಿದೆ. ಅಡಿಕೆ ಸಾಲಿನ ನಡುವೆ ಬಾಳೆಗೇನೂ ಕೊರತೆಯಿಲ್ಲ. ದಿನಾ ಊಟಕ್ಕೆ ಕೂರುವ ಮೊದಲು ಮೂರು ಹಣ್ಣು ತಿಂದೆವು, ಅನ್ನ ಎಂದಿನಷ್ಟೇ ಉಂಡೆವು. ತಿಂಗಳು ಕಳೆದು ಗೋದಾಮಿನಲ್ಲಿ ಅಡಿಕೆ ತೂಗುವ ಯಂತ್ರದ ಮೇಲೆ ನಿಂತರೆ ಒಂದೂವರೆ ಕಿಲೋ ಹೆಚ್ಚು! (ಯಂತ್ರ ಸರಿಯಾಗಿಯೇ ಇದೆ, ಸದಸ್ಯರು ಸಂಶಯಪಡಬೇಕಾಗಿಲ್ಲ.)

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವಿಲ್ಲ. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 100 ಕ್ಯಾಲೊರಿ, ಹಲಸಿನ ತೊಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಬಪ್ಪಂಗಾಯಿ ಹಣ್ಣಿನಲ್ಲಿ 40ರ ಆಸುಪಾಸು. 100 ಗ್ರಾಂ ಕುಚ್ಚಲಕ್ಕಿಯನ್ನು ಬೇಯಿಸಿ ಉಂಡರೆ ಸುಮಾರು 350. ಕೊಬ್ಬು ಕರಗಿಸುವ ಮಂತ್ರಶಕ್ತಿ ಹಣ್ಣಿಗಿಲ್ಲ. ಅದರ ನೀರು, ನಾರು ಹೊಟ್ಟೆಯಲ್ಲಿ ಜಾಗ ಹಿಡಿಯುತ್ತವೆ, ಎರಡನೆಯ ಸಲ ಅನ್ನ ಬಂದಾಗ ಎಲೆಗೆ ಕೈ ಅಡ್ಡ ಹಿಡಿಯಲು ಸುಲಭವಾಗುತ್ತದೆ. ಕೈ ಅಡ್ಡ ಹಿಡಿಯದಿದ್ದರೆ ಹಣ್ಣು ಹೆಚ್ಚುವರಿ ಊಟವೇ.

ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ಹೇಳುತ್ತದೆ. ಊಟಕ್ಕೆ ಕಾಲು ಗಂಟೆ ಮುಂಚೆ ಸೇಬು ತಿಂದ ದಿನ, ಸೇಬಿನ ಕ್ಯಾಲೊರಿಯನ್ನೂ ಸೇರಿಸಿದರೂ, ಏನೂ ತಿನ್ನದ ದಿನಕ್ಕಿಂತ ಶೇಕಡಾ 15 ಕಡಿಮೆ ಹೊಟ್ಟೆಗೆ ಹೋಯಿತು. ಸೇಬಿನ ರಸ ಕುಡಿದ ದಿನ ಈ ಲಾಭ ಕಾಣಲಿಲ್ಲ. ಆದರೆ ಇದು ಒಂದು ಹೊತ್ತಿನ ಊಟದ ಲೆಕ್ಕವೇ ಹೊರತು ವರ್ಷಾವಧಿಯ ತೂಕದ್ದಲ್ಲ. ಆದ್ದರಿಂದ ಉಡುಪಿ ಪೇಟೆಯಲ್ಲಿ ಸಕ್ಕರೆ ಬೆರೆಸಿದ ಜ್ಯೂಸು ಕುಡಿದು 'ಹಣ್ಣು ತಿಂದೆ' ಎನ್ನುವವರೊಡನೆ ನಮ್ಮ ವಾದವಿಲ್ಲ.

ಆಮೇಲೆ ನಾವು ಬಾಳೆ ಬಿಟ್ಟು ಒಂದು ಬಟ್ಟಲು ಬಪ್ಪಂಗಾಯಿ ಅಥವಾ ಒಂದು ಪೇರಳೆಗೆ ಇಳಿದೆವು, ಅನ್ನವನ್ನು ಮೂರು ಸೌಟಿನಿಂದ ಒಂದೂವರೆಗೆ ತಂದೆವು. ಮನೆಯವರು ಮುನಿಸಿಕೊಂಡರು. ಐದು ತಿಂಗಳಲ್ಲಿ ಆರು ಕಿಲೋ ಇಳಿಯಿತು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಹೀಗೆ ಮಾಡಕೂಡದು.

ನಮ್ಮ ಹಿರಿಯರು ಅನ್ನಕ್ಕೆ ಮೊದಲು ಎಲೆಗೆ ಕೋಸಂಬರಿ ಬಡಿಸಿದರು, ಬಾಳೆಹಣ್ಣನ್ನು ಕೊನೆಗಿಟ್ಟರು. ಪಾಯಸವೂ ಮುಗಿದ ಮೇಲೆ ಬರುವ ಆ ಹಣ್ಣು ಯಾರ ಹಸಿವನ್ನೂ ತಗ್ಗಿಸದು. ಬರುವ ಮಹಾಸಭೆಯ ಊಟದಲ್ಲಿ ಸದಸ್ಯರ ತೋಟದ್ದೇ ಬಪ್ಪಂಗಾಯಿಯನ್ನು ಕೋಸಂಬರಿಯ ಜೊತೆಗೇ ಬಡಿಸಬೇಕು, ಹೋಳಿಗೆ ಒಂದೇ ಸುತ್ತು ಬರಬೇಕು ಎಂದು ಆಡಳಿತ ಮಂಡಳಿಯ ಮುಂದೆ ಸೂಚನೆ ಇಟ್ಟಿದ್ದೇವೆ. ಹೋಳಿಗೆಯ ಬಗ್ಗೆ ಆಗಲೇ ಇಬ್ಬರು ನಿರ್ದೇಶಕರ ಆಕ್ಷೇಪ ಬಂದಿದೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ.