ಭೀಮನ ಕೊಳ್ಳದ ದಿನ



ಮಹಾಶಿವರಾತ್ರಿ ಕಳೆದು ಯುಗಾದಿ ಸಮೀಪಿಸುತ್ತಿದ್ದಂತೆ ನಮ್ಮ ಮನೆಗಳಲ್ಲಿ ಶ್ರೀಶೈಲದ ಮಾತು ಆರಂಭವಾಗುತ್ತದೆ. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಕಡೆಯಿಂದ ಕೇಳಿಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ತಾಯಿಯವರೋ ತಂದೆಯವರೋ ವರ್ಷ ವರ್ಷವೂ ಕೊಟ್ಟೂರಿಗೆ ನಡೆದು ಹೋಗುವವರು; ಈಗ ಮಲ್ಲಯ್ಯನ ಸನ್ನಿಧಿಗೂ ನಡೆದೇ ಹೋಗುವೆವೆಂದು ಹಟ ಹಿಡಿದಿದ್ದಾರೆ; ಕಳುಹಿಸಬಹುದೇ, ಬಾರದೇ?

ಈ ಹಟವು ನಮ್ಮ ನೆಲಕ್ಕೆ ಹೊಸದಲ್ಲ. ಶ್ರೀಶೈಲಕ್ಕೆ ನಡೆದವರಲ್ಲಿ ಅಗ್ರಗಣ್ಯಳಾದ ಅಕ್ಕಮಹಾದೇವಿಯ ಉಡುತಡಿಯು ಹೊನ್ನಾಳಿ, ನ್ಯಾಮತಿಗಳ ನೆರೆಯ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಆ ತಾಯಿ ಕಲ್ಯಾಣವನ್ನು ಕಂಡು, ಅಲ್ಲಿಂದ ಶ್ರೀಗಿರಿಯ ಕದಳೀವನದವರೆಗೆ ಒಬ್ಬಳೇ ಹೋದಳು. ಆದರೆ ಅಕ್ಕನು ನಡೆದಳೆಂಬುದೇ ನಮ್ಮ ಮನೆಯ ಹಿರಿಯರನ್ನು ಕಳುಹಿಸುವುದಕ್ಕೆ ಸಾಕಾದ ಕಾರಣವಾಗದು. ದಾರಿಯ ಸ್ವರೂಪವನ್ನು ತಿಳಿದು ನಿರ್ಧರಿಸುವುದು ಲೇಸು.

ಜಗಳೂರಿನಿಂದ ಬಳ್ಳಾರಿ, ಆದೋನಿ, ಕರ್ನೂಲು, ಆತ್ಮಕೂರುಗಳ ಮೂಲಕ ಹೋದರೆ 350 ಕಿ.ಮೀ.ಗೂ ಹೆಚ್ಚಿನ ನಡಿಗೆ. ದಿನಕ್ಕೆ 25 ಕಿ.ಮೀ.ಯಂತೆ ಎರಡು ವಾರಗಳು ಹಿಡಿಯುತ್ತವೆ. ಈ ಎರಡು ವಾರಗಳಲ್ಲಿ ಬಹುಪಾಲು ಬಯಲುಸೀಮೆಯ ರಸ್ತೆ. ಕೊಟ್ಟೂರಿಗೆ ನಡೆದವರಿಗೆ ಇದು ಹೊಸ ಕಷ್ಟವೇನೂ ಅಲ್ಲ. ಅಲ್ಲಲ್ಲಿ ಭಕ್ತರು ದಾಸೋಹವನ್ನು ಏರ್ಪಡಿಸಿರುತ್ತಾರೆ, ಕಾಲು ಸೋತವರು ಬಸ್ಸು ಹತ್ತಬಹುದು, ಊರು ಬಂದರೆ ವೈದ್ಯರು ಸಿಗುತ್ತಾರೆ. ನಿಜವಾದ ಪರೀಕ್ಷೆ ಇರುವುದು ಆತ್ಮಕೂರಿನ ಆಚೆ, ವೆಂಕಟಾಪುರವನ್ನು ದಾಟಿ ನಲ್ಲಮಲೆಯ ಅರಣ್ಯವನ್ನು ಹೊಕ್ಕ ಮೇಲೆ. ಅಲ್ಲಿಂದ ಮುಂದೆ ಸುಮಾರು 40 ಕಿ.ಮೀ. ಊರಿಲ್ಲ, ಬಸ್ಸಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಹೇಳಿದರೆ ಅನೇಕರು ನಂಬುವುದಿಲ್ಲ. ಶ್ರೀಶೈಲದ ದೇವಾಲಯವು ಸಮುದ್ರಮಟ್ಟದಿಂದ 500 ಮೀಟರಿಗಿಂತ ಕಡಿಮೆ ಎತ್ತರದಲ್ಲಿದೆ. ನಮ್ಮ ದಾವಣಗೆರೆ ಪಟ್ಟಣವೇ ಸುಮಾರು 600 ಮೀಟರ್ ಎತ್ತರದಲ್ಲಿದೆ! ಅಂದರೆ ನಾವು ಶಿಖರವೆಂದು ಕೈಮುಗಿಯುವ ಸ್ಥಾನಕ್ಕಿಂತ ನಮ್ಮ ಅಡುಗೆಮನೆಗಳೇ ಮೇಲಿವೆ. ಕೈಲಾಸ ಪರಿಕ್ರಮದಲ್ಲಿ ಡೋಲ್ಮಾ ಕಣಿವೆಯನ್ನು ದಾಟುವ ದಿನ ಯಾತ್ರಿಕರು 5,600 ಮೀಟರಿಗೂ ಮೇಲೆ ಏರಬೇಕಾಗುತ್ತದೆ, ಅಲ್ಲಿ ಉಸಿರಿಗೆ ಗಾಳಿಯೇ ಸಾಲದು. ನಲ್ಲಮಲೆಯಲ್ಲಿ ಗಾಳಿಗೆ ಕೊರತೆಯಿಲ್ಲ. ಇಲ್ಲಿ ದಣಿಸುವವು ಮೂರು: ಬಿಸಿಲು, ನೀರಿನ ಅಭಾವ ಮತ್ತು ಇಳಿಜಾರು. ಬಿಸಿಲು, ಬಾಯಾರಿಕೆಗಳ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ಮೂರನೆಯದನ್ನು ಹೇಳುವವರು ಕಡಿಮೆ.

ಕಾಲುದಾರಿಯು ನಾಗಲೂಟಿಯ ವೀರಭದ್ರಸ್ವಾಮಿಯ ಗುಡಿಯ ಬಳಿಯಿಂದ ಮೇಲೇರುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಕೊಂಡವೀಡಿನ ಪ್ರೋಲಯ ವೇಮರೆಡ್ಡಿಯು ಶ್ರೀಶೈಲಕ್ಕೆ ಮೆಟ್ಟಿಲುಗಳನ್ನು ಕಟ್ಟಿಸಿದನೆಂದು ಇತಿಹಾಸವು ಹೇಳುತ್ತದೆ. ಪಾತಾಳಗಂಗೆಗೆ ಇಳಿಯುವ ಮೆಟ್ಟಿಲುಗಳು ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆಯ ಸೇವೆ. ಅರಸರು ಗೋಪುರಗಳ ಜೊತೆಗೆ ನಡೆದು ಬರುವವರ ಕಾಲುಗಳನ್ನೂ ನೆನೆದರೆಂಬುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಏರಿದ ಮೇಲೆ ಕಾಡಿನ ಮಧ್ಯೆ ದಾರಿ ಸಾಗಿ ಪೆದ್ದಚೆರುವು ಎಂಬ ಕೆರೆಯ ಬಳಿಗೆ ಬರುತ್ತದೆ. ಬಹಳ ಮಂದಿ ರಾತ್ರಿ ತಂಗುವುದು ಇಲ್ಲಿಯೇ. ಮರುದಿನ ಮಠಬಾವಿಯನ್ನು ದಾಟಿ, ಭೀಮನ ಕೊಳ್ಳಕ್ಕೆ ಇಳಿದು, ಎದುರಿನ ಬೆಟ್ಟವನ್ನು ಏರಿ ಕೈಲಾಸ ದ್ವಾರವನ್ನು ಸೇರಬೇಕು. ಆ ಒಂದು ಹಗಲೇ ಇಡೀ ಯಾತ್ರೆಯ ಸಾರ.

ಚೈತ್ರದ ಹೊಸ್ತಿಲಲ್ಲಿ ಆ ಕಾಡು ನಮ್ಮ ಮಲೆನಾಡಿನಂತಿರುವುದಿಲ್ಲ. ಎಲೆಯುದುರಿಸುವ ಜಾತಿಯ ಮರಗಳೇ ಹೆಚ್ಚಾದುದರಿಂದ ಮರಗಳಿದ್ದರೂ ನೆರಳಿರುವುದಿಲ್ಲ. ಒಣ ತರಗೆಲೆ, ಕಾದ ಬಂಡೆ, ಬಿದಿರು ಮೆಳೆಗಳ ಕಿರಕಿರ ಸದ್ದು. ಹತ್ತು ಗಂಟೆಯಾಗುತ್ತಲೇ ಕಲ್ಲು ಅಂಗಾಲನ್ನು ಸುಡಲಾರಂಭಿಸುತ್ತದೆ. ಬೆಳಗಿನ ಉತ್ಸಾಹದಲ್ಲಿ ಮಲ್ಲಯ್ಯನ ಜಯಘೋಷ ಮಾಡುತ್ತಿದ್ದ ಗಂಟಲುಗಳು ಮಠಬಾವಿಯ ಹೊತ್ತಿಗೆ ಮೌನವಾಗುತ್ತವೆ. ಆ ಬಳಿಕ ಕಣ್ಣೆದುರಿಗೆ ಕೊಳ್ಳ ತೆರೆದುಕೊಳ್ಳುತ್ತದೆ. ಇಳಿಯುವುದಲ್ಲವೇ, ಇನ್ನು ಸುಲಭವೆಂದು ಜನ ಹರ್ಷಪಡುತ್ತಾರೆ.

ಇಳಿಜಾರು ಸುಲಭವಲ್ಲ. ಏರುವಾಗ ಎದೆ ದಣಿಯುತ್ತದೆ, ಒಂದು ಗಳಿಗೆ ನಿಂತರೆ ಚೇತರಿಸಿಕೊಳ್ಳುತ್ತದೆ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಶರೀರದ ಭಾರವನ್ನು ತಡೆದು ಹಿಡಿಯಬೇಕು. ಹೀಗೆ ದುಡಿದ ಸ್ನಾಯುಗಳು ಬೇಗನೆ ನಡುಗಲಾರಂಭಿಸುತ್ತವೆ, ಮಂಡಿಚಿಪ್ಪಿನ ಮೇಲೆ ಒತ್ತಡ ಹೆಚ್ಚುತ್ತದೆ. ಬಯಲಿನಲ್ಲಿ ಎಷ್ಟು ನಡೆದಿದ್ದರೂ ಈ ಕೆಲಸಕ್ಕೆ ಕಾಲು ಸಿದ್ಧವಾಗಿರುವುದಿಲ್ಲ. ಕೆಲವು ವರ್ಷಗಳ ಹಿಂದೆ ನಾವಿದ್ದ ತಂಡದಲ್ಲಿ ಚನ್ನಗಿರಿ ಕಡೆಯ ಹಿರಿಯ ತಾಯಿಯೊಬ್ಬರಿದ್ದರು. ಎರಡು ವಾರ ಎಲ್ಲರಿಗಿಂತ ಮುಂದೆ ನಡೆದವರು, ಕೊಳ್ಳದ ಅರ್ಧ ಇಳಿದ ಮೇಲೆ ಮೆಟ್ಟಿಲಿನಲ್ಲಿ ಕುಳಿತುಬಿಟ್ಟರು. ಮಂಡಿ ಮಡಿಸಲಾಗದು, ಚಾಚಲಾಗದು. ನೀರಿನ ಕ್ಯಾನು ಹೊತ್ತ ಯುವಕರು ಆಗಲೇ ಕೈಲಾಸ ದ್ವಾರದ ಏರು ಹಿಡಿದಿದ್ದರು. ಉಳಿದವರಲ್ಲಿ ಎರಡು ಅಭಿಪ್ರಾಯ: ಬಿಸಿಲು ಬಲಿಯುವ ಮುನ್ನ ನಾವಾದರೂ ಏರೋಣ, ಮೇಲಿನಿಂದ ಯಾರನ್ನಾದರೂ ಕಳುಹಿಸೋಣ ಎಂದರು ಕೆಲವರು. ಆ ತಾಯಿಯೂ ಹೋಗಿರೆಂದೇ ಹೇಳಿದರು. ಅವರ ಸೊಸೆ ಮಾತ್ರ ಏನೂ ಹೇಳದೆ ಗಂಟಿನಿಂದ ಒಂದು ಸೀರೆಯನ್ನು ತೆಗೆದು, ಎರಡು ಕೊಂಬೆಗಳಿಗೆ ಕಟ್ಟಿ, ಅತ್ತೆಯವರ ತಲೆಯ ಮೇಲೆ ನೆರಳು ಮಾಡಿದಳು. ಅದು ಭ್ರಮರಾಂಬೆಗೆಂದು ತಂದಿದ್ದ ಸೀರೆ. ಕನ್ನಡಿಗರು ಆ ದೇವಿಯನ್ನು ತಮ್ಮ ಮನೆಯ ಮಗಳೆಂದೇ ತಿಳಿದು ಯುಗಾದಿಗೆ ಸೀರೆ, ಅರಿಸಿನ, ಕುಂಕುಮ ಒಯ್ಯುವ ವಾಡಿಕೆಯನ್ನು ಬಲ್ಲ ನಿಮಗೆ, ಆ ಕ್ಷಣ ಯಾರೂ ಮಾತನಾಡದಿದ್ದುದರ ಕಾರಣವನ್ನು ವಿವರಿಸಬೇಕಾಗಿಲ್ಲ. ಎಲ್ಲರೂ ಕುಳಿತರು. ಸಂಜೆ ನಾಲ್ಕರವರೆಗೆ ಅಲ್ಲಿಯೇ ಇದ್ದು, ಆ ಬಳಿಕ ನಾಲ್ವರು ಸರದಿಯಂತೆ ಹೆಗಲು ಕೊಟ್ಟು ಅವರನ್ನು ಮೇಲೇರಿಸಿದೆವು.

ಬಾಲಕ ಸಿದ್ಧರಾಮನು ಮಲ್ಲಯ್ಯನನ್ನು ಅರಸುತ್ತ ಜಂಗಮರ ಗುಂಪಿನೊಡನೆ ಶ್ರೀಶೈಲಕ್ಕೆ ಬಂದು, ಕಡೆಗೆ ಗುಂಪಿನಿಂದ ಬೇರ್ಪಟ್ಟು, ಆ ಗಿರಿಯ ಕಮರಿಗಳಲ್ಲಿ ಅಳುತ್ತ ಅಲೆದ ಕಥೆಯನ್ನು ರಾಘವಾಂಕನ ಕಾವ್ಯದಿಂದ ಬಲ್ಲೆವು. ಆ ಮಗುವನ್ನು ಮಲ್ಲಯ್ಯನೇ ಕೈಹಿಡಿದು ಕಾಪಾಡಿದನು. ನಮ್ಮ ನಿಮ್ಮಂಥವರ ತಂಡಗಳಲ್ಲಿ ಆ ಕೈ ಹಿಂದೆ ಬರುವವನದೇ ಆಗಿರಬೇಕು. ಆದುದರಿಂದ ತಂಡದ ಅತ್ಯಂತ ಬಲಿಷ್ಠನಾದವನು ಕೊನೆಯಲ್ಲಿ ನಡೆಯಲಿ. ನೀರು, ಔಷಧಿಗಳು ಅವನ ಬಳಿಯೇ ಇರಲಿ. ಮುಂದೆ ಓಡುವವನ ಬಳಿ ನೀರಿದ್ದರೆ ಯಾರಿಗೂ ಪ್ರಯೋಜನವಿಲ್ಲ.

ನೀರಿನ ವಿಷಯ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ಕೊಡಗಟ್ಟಲೆ ಕುಡಿಯುವುದೂ ಅಪಾಯವೇ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು (ಚಹಾ ಚಮಚದ ಅಳತೆ) ಬೆರೆಸಿ ಇಟ್ಟುಕೊಂಡು ಆಗಾಗ ಗುಟುಕರಿಸಬೇಕು. ಮಜ್ಜಿಗೆಗೆ ಉಪ್ಪು ಹಾಕಿ ಕುಡಿದರೂ ಸರಿ. ಯಾರಾದರೂ ತೊದಲಲಾರಂಭಿಸಿ, ಮೈ ಕೆಂಡದಂತಾಗಿ, ಇದ್ದ ಸ್ಥಳವೇ ತಿಳಿಯದಂತಾದರೆ ಅದು ಬರಿಯ ಆಯಾಸವಲ್ಲ, ಬಿಸಿಲಾಘಾತ. ತಕ್ಷಣ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು, ವೈದ್ಯರ ಬಳಿಗೆ ಸಾಗಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು.

ಸಕ್ಕರೆ ಕಾಯಿಲೆಯವರು ಬರಿಗಾಲಿನ ಹರಕೆ ಹೊರುವುದನ್ನು ನಾನು ಒಪ್ಪಲಾರೆ. ಅವರ ಅಂಗಾಲಿಗೆ ಸ್ಪರ್ಶಜ್ಞಾನ ಕುಂದಿರುವುದುಂಟು. ಸುಟ್ಟ ಬೊಬ್ಬೆ ಅವರ ಅರಿವಿಗೇ ಬಾರದು, ಕಡೆಗೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಮೆತ್ತನೆಯ ಪಾದರಕ್ಷೆ ಧರಿಸಿ ನಡೆದರೆ ಭಕ್ತಿಗೆ ಯಾವ ನ್ಯೂನತೆಯೂ ಇಲ್ಲ. ಉಪವಾಸವಿದ್ದು ಮಾತ್ರೆ ನುಂಗಿ ನಡೆದರೆ ರಕ್ತದ ಸಕ್ಕರೆ ಕುಸಿಯುವ ಭಯವೂ ಉಂಟು. ರಕ್ತದೊತ್ತಡದ ಮಾತ್ರೆ ಸೇವಿಸುವವರು ಹೊರಡುವ ಮುನ್ನ ವೈದ್ಯರನ್ನು ಕೇಳಿಯೇ ಹೊರಡಬೇಕು.

ಇನ್ನು ತಾಯಿಯವರನ್ನು ಕಳುಹಿಸಬಹುದೇ ಎಂಬ ಪ್ರಶ್ನೆ. ಮನೆಯ ಸಮೀಪದಲ್ಲಿಯೇ ಪರೀಕ್ಷಿಸಿ ನೋಡಿರಿ. ಜಗಳೂರಿನವರಿಗೆ ಕೊಡದಗುಡ್ಡದ ವೀರಭದ್ರನಿದ್ದಾನೆ, ಚನ್ನಗಿರಿಯವರಿಗೆ ಕೋಟೆಯ ಬೆಟ್ಟವಿದೆ, ನ್ಯಾಮತಿ, ಹೊನ್ನಾಳಿಯವರಿಗೆ ತೀರ್ಥರಾಮೇಶ್ವರವಿದೆ. ಎರಡು ತಿಂಗಳು ಮೊದಲಿನಿಂದಲೇ ವಾರಕ್ಕೆರಡು ಸಲ, ಅಲ್ಪಸ್ವಲ್ಪವಾಗಿ, ಏರಿ ಇಳಿಯಲಿ. ಏರಿದ ಲೆಕ್ಕಕ್ಕಿಂತ ಇಳಿದ ಲೆಕ್ಕವನ್ನೇ ಗಮನಿಸಿರಿ. ಮರುದಿನ ಬೆಳಿಗ್ಗೆ ಮಂಡಿ ಊದಿಕೊಂಡಿದ್ದರೆ ಆತ್ಮಕೂರಿನವರೆಗೆ ಸಂತೋಷದಿಂದ ನಡೆಯಲಿ. ಅಲ್ಲಿ ಕರ್ನೂಲಿನಿಂದ ಬರುವ ಬಸ್ಸನ್ನು ಹತ್ತಿ ದೋರ್ನಾಳದ ಘಾಟಿಯಿಂದ ಶ್ರೀಶೈಲವನ್ನು ಸೇರಲಿ. ಊದದಿದ್ದರೆ ಕೈಗೊಂದು ಊರುಗೋಲು ಕೊಟ್ಟು ಕಳುಹಿಸಿರಿ. ಮರಗಾಲು ಕಟ್ಟಿಕೊಂಡು ನಡೆಯುವ ಉತ್ತರ ಕರ್ನಾಟಕದ ಭಕ್ತರನ್ನು ಕಂಡು ಅನುಕರಿಸಹೊರಡುವುದು ಮಾತ್ರ ಬೇಡ. ಅದು ವರ್ಷಗಟ್ಟಲೆಯ ಅಭ್ಯಾಸದಿಂದ ಬಂದದ್ದು.

ಕೊನೆಯದಾಗಿ ಒಂದು ವಿನಂತಿ. ಅದು ಹುಲಿಗಳ ಕಾಡು. 1983ರಿಂದ ಹುಲಿ ಯೋಜನೆಗೆ ಸೇರಿದ ಸಂರಕ್ಷಿತ ಪ್ರದೇಶ. ಮಲ್ಲಯ್ಯನನ್ನು ತಮ್ಮ ಮನೆಯ ಅಳಿಯನೆಂದು ಕರೆಯುವ ಚೆಂಚು ಜನರ ನೆಲೆಯೂ ಹೌದು. ಅರಣ್ಯ ಇಲಾಖೆಯವರು ಶಿವರಾತ್ರಿ, ಯುಗಾದಿಗಳ ಕೆಲವೇ ದಿನ ಈ ದಾರಿಯನ್ನು ತೆರೆಯುತ್ತಾರೆ. ಆ ದಿನಾಂಕಗಳನ್ನು ಮೊದಲೇ ವಿಚಾರಿಸಿಕೊಂಡು ಊರಿನಿಂದ ಹೊರಡಬೇಕು. ಕುಡಿದ ನೀರಿನ ಬಾಟಲಿ, ಊಟ ಮಾಡಿದ ತಟ್ಟೆಗಳನ್ನು ಕೊಳ್ಳದಲ್ಲಿ ಎಸೆದು ಬರುವವರ ಸಂಖ್ಯೆ ದೊಡ್ಡದು. ಪ್ರತಿ ತಂಡವೂ ಒಂದು ಖಾಲಿ ಗೋಣಿಚೀಲವನ್ನು ಒಯ್ಯಲಿ, ತುಂಬಿಸಿಕೊಂಡು ಕೈಲಾಸ ದ್ವಾರವನ್ನು ಏರಲಿ. ಬೆಂಕಿಯ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆ ತರಗೆಲೆಗಳಿಗೆ ಒಂದು ಬೀಡಿಯ ಕಿಡಿ ಸಾಕು. ಕೈಲಾಸ ದ್ವಾರದಿಂದ ಹಾಟಕೇಶ್ವರದ ಮಾರ್ಗವಾಗಿ ಶ್ರೀಶೈಲಕ್ಕೆ ಉಳಿದ ದಾರಿ ಹೆಚ್ಚೇನಿಲ್ಲ. ಆದರೂ ತಂಡದ ಕೊನೆಯವರು ಮೇಲೆ ಬಂದು ಸೇರಿ, ನೀರು ಕುಡಿದು, ತಲೆ ಎಣಿಸಿದ ಮೇಲೆಯೇ ಅಲ್ಲಿಂದ ಹೊರಡಿರಿ.