ಕದ್ದ ಟಿಕೆಟ್, ಅಳಿಸಹೊರಟ ಹೆಸರು

ನನಗೆ ಹಳೆಯ ಅಡ್ವೆಂಚರ್ ಗೇಮ್‌ಗಳೆಂದರೆ ಪ್ರಾಣ. 1998ರ ‘ಗ್ರಿಮ್ ಫ್ಯಾಂಡ್ಯಾಂಗೊ’ದಲ್ಲಿ ಸತ್ತವರ ಲೋಕಕ್ಕೂ ಒಂದು ಸರ್ಕಾರಿ ಕಚೇರಿಯಿದೆ. ಒಳ್ಳೆಯವರಾಗಿ ಬಾಳಿದವರಿಗೆ ಸಲ್ಲಬೇಕಾದ, ಚಿರವಿಶ್ರಾಂತಿಯ ತಾಣಕ್ಕೆ ಒಯ್ಯುವ ‘ನಂಬರ್ ನೈನ್’ ರೈಲಿನ ಟಿಕೆಟ್‌ಗಳನ್ನು ಅಲ್ಲಿ ಕದ್ದು, ದುಡ್ಡುಳ್ಳವರಿಗೆ ಮಾರುತ್ತಾರೆ. ಪುಣ್ಯವಂತೆ ಮೆಚೆಗೆ ಸಿಗುವುದು ನಾಲ್ಕು ವರ್ಷದ ಕಾಲ್ನಡಿಗೆ. ಕಚೇರಿಯ ಕಂಪ್ಯೂಟರ್ ಹಾಗೆ ಹೇಳಿತಲ್ಲ, ಮುಗಿಯಿತು!

ನಮ್ಮ ಕಲಬುರಗಿ ಜಿಲ್ಲೆಯ ಆಳಂದದಲ್ಲೂ ಇಂಥದ್ದೇ ಕಳವಿಗೆ ಯತ್ನ ನಡೆಯಿತು: 2023ರ ವಿಧಾನಸಭಾ ಚುನಾವಣೆಗೆ ಮುನ್ನ 6,018 ಮತದಾರರ ಹೆಸರು ಅಳಿಸುವಂತೆ ಆನ್‌ಲೈನ್ ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಿದ್ದವು 24 ಮಾತ್ರ. ಉಳಿದ ಹೆಸರುಗಳು ಪಟ್ಟಿಯಲ್ಲೇ ಉಳಿದವು, ನಿಜ. ಆದರೆ ಹಾಗೆ ಉಳಿಸಲು ಮನೆಮನೆಗೆ ಹೋಗಿ ವಿಚಾರಿಸಬೇಕಾಯಿತು.

ನನ್ನ ಆತಂಕ ಮುಂದಿನ ಸಲದ್ದು. ತೊಗರಿ ರಾಶಿ ಮುಗಿದರೆ ಅಫಜಲಪುರ, ಜೇವರ್ಗಿಯ ಎಷ್ಟೋ ಮನೆಗಳಿಗೆ ಬೀಗ. ಜನ ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಬೀಗ ಹಾಕಿದ ಮನೆಯವರ ಹೆಸರು ತೆಗೆಯುವುದು ಎಷ್ಟು ಸುಲಭ! ಭೂಮಿಯಿಲ್ಲದ ಕೂಲಿಯವನಿಗೆ ಜಮೀನ್ದಾರನ ಸರಿಸಮ ನಿಲ್ಲುವ ಜಾಗ ಮತಗಟ್ಟೆಯೊಂದೇ. ಅದನ್ನೂ ಕಸಿದರೆ ಹೇಗೆ?

ಹೆಸರು ಅಳಿಸುವ ಅರ್ಜಿ ಬಂದ ಕೂಡಲೇ ಪಂಚಾಯ್ತಿ ಗೋಡೆಗೆ ಅಂಟಿಸಲಿ, ಡಂಗುರ ಹೊಡೆಸಲಿ, ಗುಳೆ ಹೋದವರಿಗೆ ಫೋನ್ ಮಾಡಲಿ. ಯಾವ ಪಕ್ಷ ಆಳಿದರೂ ನನ್ನ ಒತ್ತಾಯ ಇದೇ.