ಬೆಲ್ಟ್ ಬದಲಿಸಿ ಎನ್ನುವ ಮೊದಲು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಊರಿಗೆ ಹೋದರೂ ಸರ್ಕಾರಿ ಕಚೇರಿಯ ಅಕ್ಕಪಕ್ಕ ಒಂದೆರಡು ಝೆರಾಕ್ಸ್ ಅಂಗಡಿ ಇದ್ದೇ ಇರುತ್ತವೆ. ಪಹಣಿ, ಆಧಾರ್, ಜಾತಿ ಆದಾಯದ ಪ್ರಮಾಣಪತ್ರ, ನಮ್ಮ ಮಾರ್ಕ್ಸ್ ಕಾರ್ಡ್, ಸ್ಕಾಲರ್‌ಶಿಪ್ ಅರ್ಜಿ ಎಲ್ಲವೂ ಅಲ್ಲಿಂದಲೇ ಹಾದು ಹೋಗಬೇಕು. ಕಪ್ಪು ಬಿಳುಪಿನ ಯಂತ್ರ ಕೆಟ್ಟರೆ ಪಕ್ಕದ ಅಂಗಡಿಗೆ ಹೋಗಬಹುದು. ಕಲರ್ ಯಂತ್ರ ಹಾಗಲ್ಲ. ಅದು ಎಲ್ಲರ ಬಳಿಯೂ ಇರುವುದಿಲ್ಲ, ಇದ್ದವರ ಬಳಿಯೂ ಬಹುಪಾಲು ಒಂದೇ ಇರುತ್ತದೆ, ಅದೂ ಸೆಕೆಂಡ್ ಹ್ಯಾಂಡ್.

ಆ ಯಂತ್ರದ ಪರದೆಯ ಮೇಲೆ ಒಂದು ದಿನ ಕೋಡ್ ಬರುತ್ತದೆ, ಜೊತೆಗೆ "ಟ್ರಾನ್ಸ್‌ಫರ್ ಬೆಲ್ಟ್" ಎಂಬ ಎರಡು ಶಬ್ದ. ಫೋನ್ ಮಾಡಿದರೆ ದೊಡ್ಡ ಊರಿನಿಂದ ಉತ್ತರ ಬರುತ್ತದೆ: ಬೆಲ್ಟ್ ಹೋಗಿದೆ, ಪೂರ್ತಿ ಯುನಿಟ್ ಬದಲಿಸಬೇಕು. ಯಂತ್ರವನ್ನು ಬಿಚ್ಚಿ ನೋಡದೆ ಹೇಳುವ ಈ ಮಾತನ್ನು ನಾನು ರಿಪೇರಿ ಎಂದು ಒಪ್ಪುವುದಿಲ್ಲ. ಕಾರಣ ಹುಡುಕಿ, ಆ ಕಾರಣವನ್ನು ಬಿಲ್ಲಿನಲ್ಲಿ ಬರೆದುಕೊಟ್ಟರೆ ಮಾತ್ರ ಅದಕ್ಕೆ ದುಡ್ಡು ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಕಾಮರ್ಸ್ ವಿದ್ಯಾರ್ಥಿಗೆ ಯಂತ್ರದ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಯಂತ್ರ ಸೈನ್ಸ್‌ನವರದೇ ಇರಲಿ, ಬಿಲ್ಲು ನಮ್ಮದು.

ಮೊದಲು ಈ ಬೆಲ್ಟ್ ಏನು ಎಂದು ತಿಳಿಯೋಣ. ಕಲರ್ ಕಾಪಿಯರ್ ಒಳಗೆ ಸಾಮಾನ್ಯವಾಗಿ ನಾಲ್ಕು ಡ್ರಮ್ ಸಾಲಾಗಿ ಇರುತ್ತವೆ: ಹಳದಿ, ಮೆಜೆಂಟಾ, ಸಯಾನ್, ಕಪ್ಪು. ಪ್ರತಿ ಡ್ರಮ್ ತನ್ನ ಬಣ್ಣದ ಟೋನರ್ ಪುಡಿಯಿಂದ ಚಿತ್ರದ ಒಂದೊಂದು ಪಾಲು ಮಾಡುತ್ತದೆ. ನಾಲ್ಕೂ ಪಾಲು ಒಂದರ ಮೇಲೊಂದು ಸರಿಯಾಗಿ ಕೂರಬೇಕಾದ ಜಾಗವೇ ಬೆಲ್ಟ್. ಅದು ತೆಳ್ಳಗಿನ, ಹೊಳೆಯುವ, ಕೊನೆಯಿಲ್ಲದ ಪಟ್ಟಿ. ವಿದ್ಯುತ್ ಸೆಳೆತದಿಂದ ಪುಡಿ ಡ್ರಮ್‌ನಿಂದ ಬೆಲ್ಟಿಗೆ, ಬೆಲ್ಟಿನಿಂದ ಕಾಗದಕ್ಕೆ ಹೋಗುತ್ತದೆ. ಆಮೇಲೆ ಫ್ಯೂಸರ್ ಬಿಸಿಯಲ್ಲಿ ಅದನ್ನು ಕಾಗದಕ್ಕೆ ಕರಗಿಸಿ ಅಂಟಿಸುತ್ತದೆ. ಬೆಲ್ಟಿನ ಮೇಲೆ ಉಳಿದ ಪುಡಿಯನ್ನು ಒಂದು ರಬ್ಬರ್ ಬ್ಲೇಡ್ ಒರೆಸಿ ತೆಗೆಯುತ್ತದೆ. ಆ ಪುಡಿ ಒಂದು ಕೊಳವೆಯಲ್ಲಿ ತಿರುಗುವ ಸ್ಕ್ರೂ ಮೂಲಕ ವೇಸ್ಟ್ ಟೋನರ್ ಡಬ್ಬಿಗೆ ಹೋಗುತ್ತದೆ. ಬೆಲ್ಟ್ ಎಲ್ಲಿದೆ, ಅದರ ಮೇಲಿನ ಬಣ್ಣ ಎಷ್ಟು ದಟ್ಟವಾಗಿದೆ ಎಂದು ನೋಡಲು ಸೆನ್ಸರ್‌ಗಳಿರುತ್ತವೆ.

ಇದರಲ್ಲಿ "ವರ್ಗಾವಣೆ" ಎಂಬ ಹೆಜ್ಜೆ ಹೊಸದಲ್ಲ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್‌ಸನ್ ಗಂಧಕ ಬಳಿದ ಸತುವಿನ ತಗಡಿನ ಮೇಲೆ ಪುಡಿಯ ಅಕ್ಷರ ಮೂಡಿಸಿದರು. ಆ ಪುಡಿಯನ್ನು ಮೇಣದ ಕಾಗದಕ್ಕೆ ಒತ್ತಿ ತೆಗೆದುಕೊಂಡರು. ಅವರು ಪೇಟೆಂಟ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದವರು, ಕಾಗದದ ನಕಲಿಗಾಗಿ ಒದ್ದಾಡಿ ಬೇಸತ್ತಿದ್ದರು. ನಮ್ಮ ಊರಿನ ಕಚೇರಿ ಮುಂದೆ ನಿಂತವರಿಗೆ ಅವರ ಕಷ್ಟ ಬೇಗ ಅರ್ಥವಾಗುತ್ತದೆ.

ಕೋಡ್‌ಗೆ ಬರೋಣ. ಚಾಚಾನ ಅಂಗಡಿಯ ಯಂತ್ರ ಹೋದ ವರ್ಷ ಸ್ಕಾಲರ್‌ಶಿಪ್ ಅರ್ಜಿಯ ದಿನಗಳಲ್ಲೇ ನಿಂತಿತು. ಆನ್ ಮಾಡಿದರೆ ಕೆಲವು ಸೆಕೆಂಡ್ ಗುರ್ ಎಂದು ತಿರುಗಿ, ಬೆಲ್ಟಿನ ಸ್ಥಾನ ಸಿಗಲಿಲ್ಲ ಎಂಬ ಕೋಡ್ ತೋರಿಸಿ ಸುಮ್ಮನಾಗುತ್ತಿತ್ತು. ಮೊದಲು ಬಂದವರು ಹತ್ತು ನಿಮಿಷ ನಿಂತು, ಹೊಸ ಬೆಲ್ಟ್ ಯುನಿಟ್ಟಿನ ದರ ಹೇಳಿ ಹೋದರು. ಅದು ಅಂಗಡಿಯ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು. ಇದಕ್ಕಿಂತ ಸಾಲ ಮಾಡಿ ಬೇರೆ ಯಂತ್ರ ತರುವುದೇ ವಾಸಿ ಎಂಬ ಮಾತು ಮನೆಯಲ್ಲಿ ಶುರುವಾಯಿತು. ಸಾಲ ಎಂದ ಕೂಡಲೇ ದಾದಿ ಊಟ ಬಿಟ್ಟು ಎದ್ದರು. ಆ ಅಂಗಡಿಯ ದುಡಿಮೆಯಲ್ಲೇ ನನ್ನ ಫೀಸೂ ಇದೆ.

ಆಮೇಲೆ ಶಿಗ್ಗಾಂವಿ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ರೇಡಿಯೊ, ಟಿವಿ ರಿಪೇರಿಯಿಂದ ಈ ಕೆಲಸಕ್ಕೆ ಬಂದವರು. ಚಾಚಾ, "ಅಣ್ಣಾರ, ಬೆಲ್ಟ್ ಹೋಗೇತಂತ" ಎಂದರು. ಅವರು, "ಹೋಗೇತೋ ಇಲ್ಲೋ ನೋಡೂಣ್ರಿ, ನಿಂತ ಮೇಲಿನ ಮಾತು ಬ್ಯಾಡ, ನಿಲ್ಲೂ ಮೊದಲಿನ ಹಾಳಿ ಕೊಡ್ರಿ" ಎಂದರು. ಕಸದ ಬುಟ್ಟಿಯಿಂದ ಹಾಳಾದ ನಾಲ್ಕೈದು ಕಾಪಿ ತೆಗೆದುಕೊಟ್ಟೆ. ಅವುಗಳ ಉದ್ದಕ್ಕೂ ತೆಳು ಗೆರೆ ಇದ್ದವು, ಹಿಂದಿನ ಕಾಪಿಯ ಬಣ್ಣ ಸ್ವಲ್ಪ ಉಳಿದು ಹೋದಂತೆ. ಬ್ಲೇಡ್ ಸರಿಯಾಗಿ ಒರೆಸುತ್ತಿಲ್ಲ ಎಂದು ಅವರು ಅಲ್ಲೇ ಅಂದುಕೊಂಡರು. ಯಂತ್ರ ಆನ್ ಮಾಡಿ ಕಿವಿಗೊಟ್ಟರು. ಬೆಲ್ಟ್ ತಿರುಗುವ ಸದ್ದು ಬರುತ್ತಿತ್ತು, ಅಂದರೆ ಮೋಟಾರು ಗಿಯರು ಜೀವಂತ ಇವೆ. ಹಾಗಾದರೆ ಬೆಲ್ಟ್ ತಿರುಗುತ್ತಿದೆ, ಸೆನ್ಸರ್‌ಗೆ ಮಾತ್ರ ಕಾಣುತ್ತಿಲ್ಲ.

ವಯರ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಯುನಿಟ್ ಹೊರಗೆ ಎಳೆದರು. ಬೆಲ್ಟಿನ ಮೈ ಮುಟ್ಟಬೇಡ, ಬೆರಳಿನ ಎಣ್ಣೆ ಅಂಟಿದರೆ ಕಾಪಿಯ ಮೇಲೆ ಕಲೆ ಬೀಳುತ್ತದೆ ಎಂದು ನನ್ನನ್ನು ದೂರ ನಿಲ್ಲಿಸಿದರು. ಬೆಲ್ಟಿನ ಅಂಚು ಎಲ್ಲೂ ಹರಿದಿರಲಿಲ್ಲ. ವೇಸ್ಟ್ ಟೋನರ್ ಹೋಗುವ ಕೊಳವೆಯೊಳಗೆ ಪುಡಿ ಗಟ್ಟಿಯಾಗಿ, ಸ್ಕ್ರೂ ಸಿಕ್ಕಿಕೊಂಡಿತ್ತು. ಮುಂದೆ ಹೋಗಲಾಗದ ಪುಡಿ ಬ್ಲೇಡಿನ ಹಿಂದೆ ಗುಡ್ಡೆಯಾಗಿತ್ತು, ಬ್ಲೇಡಿನ ಅಂಚು ಮಡಚಿತ್ತು, ಚೆಲ್ಲಿದ ಪುಡಿ ಸೆನ್ಸರಿನ ಕಣ್ಣು ಮುಚ್ಚಿತ್ತು. ಕೊಳವೆ ಬಿಡಿಸಿ, ಸೆನ್ಸರ್ ಒರೆಸಿ, ಹೊಸ ಬ್ಲೇಡ್ ಹಾಕಿದರು. ಬ್ಲೇಡ್ ಮತ್ತು ಕೂಲಿ ಸೇರಿ ಅಂಗಡಿಯ ಒಂದು ವಾರದ ಗಳಿಕೆಯಷ್ಟೂ ಆಗಲಿಲ್ಲ.

ಇದರಲ್ಲಿ ದುಡ್ಡಿಗಿಂತ ನನ್ನನ್ನು ಕಾಡಿದ ವಿಷಯ ಬೇರೆ. ಅಂದು ಹೊಸ ಯುನಿಟ್ ಹಾಕಿಸಿದ್ದರೆ ಅದರ ಜೊತೆ ಹೊಸ ಬ್ಲೇಡೂ ಬರುತ್ತಿತ್ತು, ಹಾಕುವಾಗ ಸೆನ್ಸರೂ ಒರೆಸಿಕೊಳ್ಳುತ್ತಿತ್ತು. ಯಂತ್ರ ಓಡುತ್ತಿತ್ತು. "ನೋಡಿದ್ರಾ, ಬೆಲ್ಟೇ ಹೋಗಿತ್ತು" ಎಂದು ಎಲ್ಲರೂ ನಂಬುತ್ತಿದ್ದೆವು. ಕೊಳವೆ ಮಾತ್ರ ಹಾಗೇ ಕಟ್ಟಿಕೊಂಡಿರುತ್ತಿತ್ತು. ಕೆಲವು ತಿಂಗಳಿಗೆ ಅದೇ ಕೋಡ್ ಮತ್ತೆ ಬಂದಾಗ ಬೈಗುಳ ಹೊಸ ಬೆಲ್ಟಿಗೆ.

ಇನ್ನೊಂದು ಕಡೆಯವರ ಮಾತನ್ನೂ ಹೇಳಬೇಕು. ದೂರದಿಂದ ಬರುವ ಟೆಕ್ನಿಷಿಯನ್ ದಿನಕ್ಕೆ ಹಲವು ಊರು ಸುತ್ತಬೇಕು, ಒಂದೊಂದು ಕಡೆ ಅರ್ಧ ದಿನ ಕೂರಲಾಗದು. ಪೂರ್ತಿ ಯುನಿಟ್ ಹಾಕಿದರೆ ಅವರಿಗೆ ಧೈರ್ಯ, ಗ್ಯಾರಂಟಿ ಕೊಡಬಹುದು. ಬೆಲ್ಟ್ ನಿಜಕ್ಕೂ ಸವೆಯುವ ವಸ್ತು, ಇಷ್ಟು ಕಾಪಿ ಎಂಬ ಆಯುಷ್ಯ ಅದಕ್ಕಿದೆ. ಅಂಚು ಹರಿದ ಬೆಲ್ಟನ್ನು ಯಾರೂ ಒರೆಸಿ ಸರಿ ಮಾಡಲಾರರು. ಇದೆಲ್ಲ ಸರಿ. ಆದರೆ ಹುಡುಕುವ ದಾರಿ ಅಷ್ಟು ಉದ್ದವೂ ಇಲ್ಲ. ಕಪ್ಪು ಕಾಪಿ ಸರಿಯಾಗಿ ಬಂದು ಕಲರ್ ಮಾತ್ರ ಕೆಡುತ್ತಿದೆಯೇ? ಹಲವು ಯಂತ್ರಗಳಲ್ಲಿ ಕಪ್ಪು ಕಾಪಿ ತೆಗೆಯುವಾಗ ಬೆಲ್ಟ್ ಉಳಿದ ಮೂರು ಡ್ರಮ್‌ಗಳಿಂದ ದೂರ ಸರಿಯುತ್ತದೆ, ಹಾಗಾಗಿ ಆ ಸರಿಸುವ ಭಾಗದ ಮೇಲೂ ಅನುಮಾನ ಬರಬೇಕು. ಕಾಪಿ ಅರ್ಧಕ್ಕೆ ನಿಲ್ಲಿಸಿ ನೋಡಿದರೆ ಬೆಲ್ಟಿನ ಮೇಲೆ ಚಿತ್ರ ಚೆನ್ನಾಗಿದೆಯೇ? ಚೆನ್ನಾಗಿದ್ದು ಕಾಗದದ ಮೇಲೆ ಮಾತ್ರ ಮಸುಕಾದರೆ ಕಾಗದಕ್ಕೆ ಒತ್ತುವ ರೋಲರನ್ನೋ, ಕಾಗದವನ್ನೋ ನೋಡಬೇಕು. ಹಾನಗಲ್ ಕಡೆ ಮಳೆಗಾಲದಲ್ಲಿ ಬಿಚ್ಚಿಟ್ಟ ರೀಮು ತೇವ ಹೀರುತ್ತದೆ, ತೇವದ ಕಾಗದಕ್ಕೆ ಪುಡಿ ಸರಿಯಾಗಿ ಹತ್ತುವುದಿಲ್ಲ. ಅದಕ್ಕೂ ಬೆಲ್ಟ್ ಬದಲಿಸಿದರೆ ಏನು ಹೇಳುವುದು!

ಇನ್ನೊಂದು ಪರೀಕ್ಷೆಗೆ ಸ್ಕೇಲ್ ಸಾಕು. ಒಂದೇ ಕಲೆ ಕಾಗದದ ಮೇಲೆ ಮತ್ತೆ ಮತ್ತೆ ಬಿದ್ದರೆ ನಡುವಿನ ಅಂತರ ಅಳೆಯಿರಿ. ಅದು ಸುಮಾರು 94 ಮಿಲಿಮೀಟರ್ ಇದ್ದರೆ, 3.14ರಿಂದ ಭಾಗಿಸಿ, 30 ಮಿಲಿಮೀಟರ್ ವ್ಯಾಸದ ಯಾವುದೋ ಡ್ರಮ್ ಅಥವಾ ರೋಲರ್ ಅದಕ್ಕೆ ಕಾರಣ. ಬೆಲ್ಟಿನ ಸುತ್ತಳತೆ ಇದಕ್ಕಿಂತ ಬಹಳ ದೊಡ್ಡದು, ಅದರ ಕಲೆ ಅಷ್ಟು ಹತ್ತಿರ ಹತ್ತಿರ ಬೀಳದು. ಹತ್ತನೆಯ ತರಗತಿಯ ಗಣಿತ ಪರೀಕ್ಷೆಯ ಆಚೆಗೂ ಕೆಲಸಕ್ಕೆ ಬಂದದ್ದು ಕಂಡು ನನಗೆ ಖುಷಿಯಾಯಿತು.

ಈಗ ನಮ್ಮ ಪುಸ್ತಕದ ಮಾತು. ಯಂತ್ರವನ್ನು ಮೊದಲಿನ ಸ್ಥಿತಿಗೆ ತರುವ ರಿಪೇರಿ ರೆವಿನ್ಯೂ ವೆಚ್ಚ, ಸೆಕೆಂಡ್ ಹ್ಯಾಂಡ್ ಯಂತ್ರ ತಂದು ಬಳಸುವ ಮೊದಲೇ ಮಾಡಿಸುವ ರಿಪೇರಿ ಬಂಡವಾಳ ವೆಚ್ಚ ಎಂದು ಓದುತ್ತೇವೆ. ಬಿಲ್ಲಿನಲ್ಲಿ "ಸರ್ವಿಸ್" ಎಂದಷ್ಟೇ ಬರೆದಿದ್ದರೆ ಏನು ಮಾಡಿದರು ಎಂದು ಲೆಕ್ಕ ಬರೆಯುವವನಿಗೆ ಹೇಗೆ ಗೊತ್ತಾಗಬೇಕು? ವ್ಯವಹಾರ ಅಧ್ಯಯನದಲ್ಲಿ ಗ್ರಾಹಕರ ಹಕ್ಕುಗಳನ್ನು ಬಾಯಿಪಾಠ ಮಾಡುತ್ತೇವೆ, ಅದರಲ್ಲಿ ಮಾಹಿತಿ ಪಡೆಯುವ ಹಕ್ಕು ಒಂದು. ವ್ಯಾಪಾರಕ್ಕಾಗಿ ಕೊಂಡವನು ಗ್ರಾಹಕನಲ್ಲ ಎಂದು ಹಲವರು ತಿಳಿದಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯುವುದಕ್ಕಷ್ಟೇ ಒಂದು ವಸ್ತುವನ್ನು ಕೊಂಡು ಬಳಸುವವನೂ ಗ್ರಾಹಕನೇ. ಒಬ್ಬನೇ ಕೂತು ಅಂಗಡಿ ನಡೆಸುವ ಚಾಚಾನಂಥವರು ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. ಚಾಚಾ ಹೋಗಲಿಲ್ಲ, ಹೋಗುವ ಅಗತ್ಯವೂ ಬರಲಿಲ್ಲ. ಆದರೆ ಇದು ಗೊತ್ತಿದ್ದವರು "ಕಾರಣ ಬರೆದುಕೊಡ್ರಿ" ಎಂದು ಕೇಳುವಾಗ ದನಿಯೇ ಬೇರೆ ಇರುತ್ತದೆ.

ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿ, ಅದೇ ವರ್ಷ ಡಿಸೆಂಬರ್ 24ರ ಗ್ರಾಹಕರ ದಿನದಂದು ಒಂದು ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್, ಮನೆಬಳಕೆಯ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರ ಅದರಲ್ಲಿವೆ. ನಮ್ಮ ಊರುಗಳ ದುಡಿಮೆ ನಿಂತಿರುವ ಇಂಥ ಯಂತ್ರಗಳ ಸರ್ವಿಸ್ ಪುಸ್ತಕವೂ ಅಂಗಡಿಯವನ ಕೈಗೆ ಸಿಗುವಂತಾಗಬೇಕು. ಸಿಕ್ಕರೂ ಅದು ಇಂಗ್ಲಿಷಿನಲ್ಲೇ ಇರುತ್ತದೆ, ಓದಿ ಹೇಳಲು ಮನೆಯಲ್ಲೊಬ್ಬ ಪಿಯುಸಿ ಹುಡುಗ ಬೇಕಾಗುತ್ತದೆ ಎನ್ನುವುದು ಬೇರೆ ಮಾತು.

ಅಲ್ಲಿಯವರೆಗೆ ಅಂಗಡಿಯವರು ಕೇಳಬೇಕಾದದ್ದು ಮೂರೇ: ಕೋಡ್ ಯಾವುದು, ಕಾರಣ ಏನು ಸಿಕ್ಕಿತು, ಬದಲಿಸಿದ ಹಳೆಯ ಭಾಗ ಎಲ್ಲಿ. ಚಾಚಾ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ದಿನಾಂಕ, ಮೀಟರಿನ ಕಾಪಿ ಸಂಖ್ಯೆ, ಕೋಡ್, ಮಾಡಿದ ಕೆಲಸ ಎಲ್ಲವನ್ನೂ ಉರ್ದುವಿನಲ್ಲಿ ಬರೆಯುತ್ತಾರೆ, ಅಂಕಿಗಳನ್ನು ಮಾತ್ರ ಎಲ್ಲರಿಗೂ ತಿಳಿಯುವಂತೆ. ನಮ್ಮ ಕಾಲೇಜಿನ ಕಚೇರಿಯ ಯಂತ್ರದ ಪಕ್ಕದಲ್ಲೂ ಅಂಥದೊಂದು ಪುಸ್ತಕ ಇಡಬೇಕೆಂದು ಪ್ರಾಂಶುಪಾಲರಲ್ಲಿ ನನ್ನ ವಿನಂತಿ. ಕಾಲಂ ಗೆರೆ ಹಾಕಿಕೊಡಲು ನಮ್ಮ ಕ್ಲಾಸಿನ ಮೂವರು ತಯಾರಿದ್ದೇವೆ.